ಹಿತ್ತಲ ಕೋಣೆಯವಳಿಗೆ ಹೆಸರಿಟ್ಟ ಓದಕ್ಕ

ಓದಕ್ಕ ಯಾರು ಅಂತ ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಯಾರನ್ನಾದರೂ ಕೇಳಿ, ಬೆರಳು ಮಾಡಿ ತೋರಿಸುತ್ತಾರೆ. ಅವಳ ಹೆಸರೇನು ಅಂತ ಕೇಳಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದಕ್ಕೆ ಅವಳಿಗೇನೂ ಬೇಜಾರಿರಲಿಲ್ಲ. ಎರಡನೇ ಮಹಡಿಯ ಕೈಕೆಲಸದ ಹಾಲ್‌ನಲ್ಲಿ ಮೂವತ್ತನಾಲ್ಕು ಹೆಂಗಸರು, ಅಷ್ಟೂ ಜನರ ಬದುಕು ನಡೆಯುವುದು ಅಡ್ಡಹೆಸರಿನ ಮೇಲೇ.

ಕೆಳಗೆ ಮಿಷನ್‌ಗಳು, ಅಲ್ಲಿ ಪಕ್ಕದವಳು ಕಿರುಚಿದರೂ ಕೇಳಿಸದು. ಮೇಲಿನ ಹಾಲ್ ಹಾಗಲ್ಲ. ಗುಂಡಿ ಹಚ್ಚುವುದು, ಕಾಜ ಮಾಡುವುದು, ಅಂಚು ಮಡಿಸಿ ಹೊಲಿಯುವುದು, ಎಲ್ಲ ಕೈಯಲ್ಲೇ. ಓದಕ್ಕನೂ ಮೊದಲು ಕಾಜ ಮಾಡುವವಳೇ. ಹದಿನೈದು ವರ್ಷ ಸೂಜಿ ಒತ್ತಿ ಒತ್ತಿ ಬಲಗೈ ಹೆಬ್ಬೆರಳಿನ ಕೀಲು ಸವೆದು, ಒಂದು ದಿನ ಬೆರಳು ಮಡಚುವುದಕ್ಕೇ ಒಲ್ಲೆ ಅಂದುಬಿಟ್ಟಿತು. ಇನ್ನು ಮನೆಗೆ ಕಳಿಸುತ್ತಾರೆ ಅಂತ ಮೂಲೆಯಲ್ಲಿ ಕೂತು ಅಳುತ್ತಿದ್ದವಳನ್ನು ಎಬ್ಬಿಸಿದ್ದು ಜೋರಕ್ಕ. ಜೋರಕ್ಕ ಅಂದರೆ ಕಾಲರ್ ಮೇಜಿನ ಯಜಮಾನಿ. ಅವಳ ಗಂಟಲಿಗೆ ಕೆಳಗಿನ ಮಿಷನ್‌ಗಳೂ ಹೆದರಬೇಕು. "ಅಳೋದಿದ್ರೆ ಆಮೇಲೆ ಅಳುವಿಯಂತೆ. ನಿಂಗೆ ಓದೋಕೆ ಬರುತ್ತಲ್ಲ? ನಮಗೆ ಕತೆ ಓದು. ನಿನ್ನ ಪಾಲಿನ ಬಟ್ಟೆ ನಾವು ತಲೆಗೊಂದು ಹಂಚ್ಕೋತೀವಿ," ಅಂದಳು.

ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ ಬರೀ ಮೇಡಂ, ಮೊದಲು ಹುಬ್ಬು ಗಂಟಿಕ್ಕಿದಳು. ಓದು ಶುರುವಾದ ವಾರದಲ್ಲೇ ಹರಟೆ ನಿಂತು ಕೆಲಸ ಹೆಚ್ಚಿದ್ದು ಕಂಡು ಸುಮ್ಮನಾದಳು. ಆಮೇಲಾಮೇಲೆ ಅವಳೂ ಬಾಗಿಲ ಹತ್ತಿರ ಏನೋ ಹುಡುಕುವವಳ ಹಾಗೆ ನಿಂತು ಕೇಳತೊಡಗಿದಳು. ಹೀಗೆ ಏಳು ವರ್ಷ ನಡೆಯಿತು.

ಆ ಹಾಲ್‌ನಲ್ಲಿ ಒಂದು ಪದ್ಧತಿ ಇತ್ತು. ಇತ್ತು ಅಂತಲೇ ಹೇಳಬೇಕು, ಈಗಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದವರು ಬಂದರೆ ಇವರಿಗೆ ತಡೆಯುತ್ತಿರಲಿಲ್ಲ. ಬರೆದವರೇನೋ 'ಒಬ್ಬ ಮುದುಕಿ' ಅಂತಲೋ 'ಪಕ್ಕದ ಮನೆಯವಳು' ಅಂತಲೋ ಬರೆದು ಕೈತೊಳೆದುಕೊಂಡಿರುತ್ತಾರೆ. ಇಲ್ಲಿ ಜೋರಕ್ಕ ಸೂಜಿ ಮೇಲೆತ್ತಿ, "ಏ, ನಿಲ್ಸು ನಿಲ್ಸು! ಮೂರನೇ ಸಲ ಬಂದ್ಲು ಈ ಮುದುಕಿ. ಹೆಸರಿಲ್ದೆ ಎಷ್ಟು ದಿನ ಅಂತ ಓಡಾಡ್ತಾಳೆ ಪಾಪ?" ಅನ್ನುವಳು. ಅಲ್ಲಿಗೆ ಓದು ನಿಂತಿತು. ಒಬ್ಬರು ಯಾವುದಾದರೂ ಹೆಸರು ಹೇಳಬೇಕು. ಆ ಹೆಸರಿನವರು ಯಾರ ಮನೆಯಲ್ಲಾದರೂ ಇದ್ದರೆ ಅವರು "ನಮ್ಮನೇಲಿದೆ" ಅನ್ನಬೇಕು, ಆ ಹೆಸರು ಬಿಟ್ಟಂತೆ. ಯಾರೂ ಉಸಿರೆತ್ತದಿದ್ದರೆ ಹೆಸರು ಗಟ್ಟಿ. ಮಾರನೇ ದಿನದಿಂದ ಓದಕ್ಕ ಅದನ್ನೇ ಸೇರಿಸಿ ಓದುವಳು. ಕತೆಯಲ್ಲಿ ಯಾರಿಗೆ ಏನು ಕಾದಿದೆಯೋ, ಅದು ನಮ್ಮವರ ಹೆಸರಿಗೆ ತಗಲುವುದು ಬೇಡ ಅಂತ ಈ ಎಚ್ಚರಿಕೆ.

ಓದಕ್ಕನಿಗೆ ಇದರ ರುಚಿ ಹತ್ತಿತ್ತು. ಹೆಸರಿಟ್ಟ ಮೇಲೆ ಹೆಸರಿಗೆ ತಕ್ಕ ಮಾತು ಬೇಡವೇ? ಒಂದೆರಡು ಮಾತು ತಾನೇ ಸೇರಿಸುವಳು. ಬೇಜಾರಿನ ಪುಟ ಹಾರಿಸುವಳು. ಕೇಳುವವರು ಕಣ್ಣೊರೆಸಿಕೊಂಡರೆ ಅವಳಿಗೆ ಒಳಗೊಳಗೇ ಹೆಮ್ಮೆ, ಬರೆದವನಿಗಿಂತ ತಾನೇ ಒಂದು ಕೈ ಮೇಲು ಅಂತ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಸೊಸೆ ಎರಡು ಕೋಣೆಯಲ್ಲಿ ಜಗಳಾಡಿಕೊಂಡು ಚೆನ್ನಾಗಿಯೇ ಇದ್ದರು. ನಾಳೆಯ ಪುಟಗಳನ್ನು ಓದಕ್ಕ ಸಂಜೆ ಅತ್ತೆಯ ಕೇಳಿಸುವ ಕಿವಿಯ ಕಡೆ ಕೂತು ಓದಿಕೊಳ್ಳುವಳು. ಅತ್ತೆಗೆ ಈ ಹೆಸರಿಡುವ ಆಟ ಹಿಡಿಸದು. "ಬರೆದೋನಿಗೆ ಹೆಸರಿಡೋಕೆ ಬರ್ತಿರಲಿಲ್ವೇನೆ? ಬೇಕು ಅಂತ್ಲೇ ಬಿಟ್ಟಿರ್ತಾನೆ. ನೀವ್ಯಾಕೆ ಕೈ ಹಾಕ್ತೀರಿ?" ಅನ್ನುವರು. "ನಿಮಗೇನೂ ಗೊತ್ತಾಗಲ್ಲ, ಸುಮ್ನಿರಿ ಅತ್ತೆ," ಅನ್ನುವಳು ಇವಳು.

ಇಷ್ಟರಲ್ಲಿ ಬಂದಳು ಹೊಸಬಿ. ಒಂದು ಬೆಳಿಗ್ಗೆ ಮೇಡಂ ಒಬ್ಬಳು ಹೆಂಗಸನ್ನು ಕರೆತಂದು ಹಿಂದಿನ ಕಿಟಕಿಯ ಹತ್ತಿರ ಕೂರಿಸಿದಳು. ಇಪ್ಪತ್ತೆಂಟೋ ಮೂವತ್ತೋ. ಎಷ್ಟೇ ಸೆಕೆಯಿದ್ದರೂ ರವಿಕೆಯ ಎಡತೋಳನ್ನು ಮಣಿಕಟ್ಟಿನ ತನಕ ಎಳೆದುಕೊಂಡೇ ಇರುವಳು. ಜೋರಕ್ಕ ಹೆಸರು ಕೇಳಿದಾಗ ಹಲ್ಲಲ್ಲಿ ದಾರ ಕಚ್ಚಿಕೊಂಡು ಏನೋ ಅಂದಳು, ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೇಳುವ ತಾಳ್ಮೆ ಯಾರಿಗಿದೆ? ಹೊಸಬಿ ಅಂದರು, ಅದೇ ನಿಂತಿತು. ಬಂದು ಹನ್ನೊಂದು ತಿಂಗಳಾದರೂ ಹೊಸಬಿ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯೊಂದರಲ್ಲಿ ಒಬ್ಬಳೇ ಇರುವಳು. ಅಕ್ಷರ ಬಾರದು. ಆದರೆ ಕೇಳುವುದು ಅಂದರೆ ಅವಳದು! ಮೈಯೆಲ್ಲ ಕಿವಿಯಾಗಿ ಕೂರುವಳು. ಓದಕ್ಕ ಇತ್ತೀಚೆಗೆ ಓದುತ್ತಿದ್ದದ್ದೇ ಆ ಕಿಟಕಿಯ ಕಡೆ ನೋಡಿಕೊಂಡು. ಮಧ್ಯಾಹ್ನ ಡಬ್ಬಿಯಲ್ಲಿ ಅರ್ಧ ಅವಳಿಗೇ. "ತಗೊಳ್ಳೇ, ಗಾಳಿ ಬಂದ್ರೆ ಹಾರಿಹೋಗೋ ಹಾಗಿದೀಯ," ಅಂತ ಗದರಿ ಕೊಡುವಳು. ಪ್ರೀತಿ ತೋರಿಸುವುದು ಓದಕ್ಕನಿಗೆ ಬೇರೆ ಬಗೆಯಲ್ಲಿ ಬರುತ್ತಿರಲಿಲ್ಲ.

ಆಗ ಹಿಡಿದದ್ದು ಒಂದು ದಪ್ಪ ಪುಸ್ತಕ. ಹಳೇ ಪುಸ್ತಕದಂಗಡಿಯದು, ರಟ್ಟು ಕಿತ್ತುಹೋಗಿ, ಬರೆದವರು ಯಾರೋ ಏನೋ. ದೊಡ್ಡ ಮನೆಯೊಂದರ ಕತೆ. ಅಣ್ಣತಮ್ಮಂದಿರು, ಅವರ ಹೆಂಡಂದಿರು, ಎಲ್ಲರಿಗೂ ಹೆಸರಿತ್ತು. ಕಿರಿಯವನ ಹೆಂಡತಿಗೆ ಮಾತ್ರ ಇಲ್ಲ. 'ಹಿತ್ತಲ ಕೋಣೆಯವಳು' ಅಂತಷ್ಟೇ ಬರೆದಿತ್ತು. ಗಂಡ ಹೊರಗೆ ಹೋಗುವಾಗ ಅವಳ ಕೋಣೆಗೆ ಅಗುಳಿ ಹಾಕಿ ಹೋಗುತ್ತಿದ್ದ. ಮನೆಯ ಮಿಕ್ಕವರು ಕಂಡೂ ಕಾಣದವರ ಹಾಗೆ ಓಡಾಡುತ್ತಿದ್ದರು.

ಮೂರನೇ ಸಲ ಅವಳ ಪ್ರಸ್ತಾಪ ಬಂದ ಕೂಡಲೇ ಜೋರಕ್ಕನ ಸೂಜಿ ಮೇಲೆ ಹೋಯಿತು. ಮೊದಲ ಎರಡು ಹೆಸರಿಗೆ "ನಮ್ಮನೇಲಿದೆ" ಬಂತು. ಮೂರನೆಯದಕ್ಕೆ ಗುಂಡಿ ಹಚ್ಚುವವಳೊಬ್ಬಳು, "ಇದೆ, ನಮ್ಮ ನಾದಿನಿದು. ಪರವಾಗಿಲ್ಲ, ಇಟ್ಬಿಡಿ," ಅಂದಳು. ಹಾಲ್‌ಗೆ ಹಾಲ್ ನಕ್ಕಿತು. ನಾಲ್ಕನೆಯದನ್ನು ಹೇಳಿದ್ದು ಜೋರಕ್ಕನೇ. ಆ ಹೆಸರು ನಾನು ಇಲ್ಲಿ ಹೇಳುವುದಿಲ್ಲ, ಓದಕ್ಕನಿಗೆ ಮಾತು ಕೊಟ್ಟಿದ್ದೇನೆ. ಯಾರೂ ಬಾಯಿ ಬಿಡಲಿಲ್ಲ. ಕಿಟಕಿಯ ಹತ್ತಿರ ಹೊಸಬಿಯ ಕೈ ನಿಂತದ್ದನ್ನು ಓದಕ್ಕ ನೋಡಿದಳು. ದಾರ ಗಂಟಾಗಿರಬೇಕು ಅಂದುಕೊಂಡಳು. ಹೆಸರು ಗಟ್ಟಿಯಾಯಿತು.

ಅಲ್ಲಿಂದ ಮೂರು ತಿಂಗಳು ಆ ಹಾಲ್‌ನಲ್ಲಿ ಹಿತ್ತಲ ಕೋಣೆಯವಳದೇ ಮಾತು. ಪುಸ್ತಕದ ಮಿಕ್ಕವರನ್ನೆಲ್ಲ ಕೇಳುವವರೇ ಇಲ್ಲ. ಬೆಳಿಗ್ಗೆ ಬಂದವರು ಚಪ್ಪಲಿ ಬಿಡುವ ಮೊದಲೇ, "ಇವತ್ತಾದ್ರೂ ಅಗುಳಿ ತೆಗೀತಾನಾ ಆ ಪಾಪಿ?" ಅಂತ ಹೆಸರು ಹಿಡಿದು ಕೇಳುವರು. ಅವಳಿಗೆ ಊಟ ಕೊಡದ ದಿನ ಇಲ್ಲಿ ಡಬ್ಬಿಗಳು ಅರ್ಧಕ್ಕೇ ಮುಚ್ಚಿದವು. ಗಂಡ ಕಾದ ಸೌಟಿನಿಂದ ಸುಟ್ಟ ಪ್ರಸಂಗ ಬಂದ ದಿನ ಜೋರಕ್ಕ ಪುಸ್ತಕವನ್ನೇ ಕಿತ್ತು ಎಸೆಯಲು ಬಂದಳು. ಹೊಸಬಿ ಮಾತ್ರ ಅಳುತ್ತಿರಲಿಲ್ಲ. ಮೂವತ್ತು ಬಾಯಿ ಒಟ್ಟಿಗೆ ಆ ಹೆಸರು ಹೇಳಿ ಅಯ್ಯೋ ಅನ್ನುವಾಗ ಅವಳು ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡುವಳು. ಸಂಜೆ ಮೆಟ್ಟಿಲಿಳಿಯುವಾಗ ಓದಕ್ಕನ ಹಿಂದೆ ಬಂದು, "ನಾಳೆ ಬರ್ತಾಳಾ ಅಕ್ಕ ಅವಳು?" ಅಂತ ಕೇಳುವಳು.

ಕೊನೆಯ ಪುಟಗಳು ಬಂದವು. ಪುಸ್ತಕದಲ್ಲಿ ಇದ್ದದ್ದು ಇಷ್ಟು: ಒಂದು ಬೆಳಿಗ್ಗೆ ಗಂಡ ಅಗುಳಿ ಹಾಕಲು ಮರೆಯುತ್ತಾನೆ. ಅವಳು ಒಂದು ಗಂಟು ಹಿಡಿದು ಹೊರಟು ಬಸ್ಸು ಹತ್ತುತ್ತಾಳೆ. ಎಲ್ಲಿಗೆ ಅಂದರೆ "ಮುಂದಕ್ಕೆ" ಅನ್ನುತ್ತಾಳೆ. ಯಾವ ನಿಲ್ದಾಣದಲ್ಲಿ ಇಳಿದಳೋ ಯಾರೂ ನೋಡಲಿಲ್ಲ. ಆ ಮನೆ ಅವಳನ್ನು ಮತ್ತೆ ಕಾಣಲಿಲ್ಲ. ಅಷ್ಟೇ.

ಓದಕ್ಕ ಸಂಜೆ ಅದನ್ನು ಅತ್ತೆಗೆ ಓದಿ, ಪುಸ್ತಕ ಮಡಚಿ ಸಿಡುಕಿದಳು. ಇದೇನು ಮುಗಿಸುವ ರೀತಿಯೇ? ಮೂರು ತಿಂಗಳು ಅತ್ತವರಿಗೆ 'ಯಾರೂ ನೋಡಲಿಲ್ಲ' ಅಂತ ಹೇಳಿ ಎದ್ದು ಹೋಗುವುದಾ? ನಾಳೆ ಜೋರಕ್ಕ ತನ್ನನ್ನು ಹರಿದು ತಿನ್ನುತ್ತಾಳೆ. "ಹೋದ್ಲಲ್ಲ, ಸಾಕು ಬಿಡೆ. ನನಗಂತೂ ಎದೆ ಹಗುರಾಯ್ತು," ಅಂದರು ಅತ್ತೆ. ಓದಕ್ಕ ಕೇಳಿಸಿಕೊಳ್ಳಲಿಲ್ಲ. ಒಲೆಯ ಮುಂದೆ ನಿಂತು ತನ್ನದೇ ಒಂದು ಪುಟ ಕಟ್ಟಿದಳು, ಎರಡು ಸಲ ಬಾಯಲ್ಲಿ ಹೇಳಿಕೊಂಡು ನೋಡಿದಳು.

ಮಾರನೇ ದಿನ ಅದನ್ನೇ ಓದಿದಳು. ಬಸ್ಸು ಹತ್ತಿದವಳು ಮುಂದಿನ ನಿಲ್ದಾಣದಲ್ಲೇ ಇಳಿದಳು. ನಡೆದು ವಾಪಸ್ಸು ಬಂದಳು. ಬಾಗಿಲು ಬಡಿದಳು. ಅತ್ತು ಅತ್ತು ಸೊರಗಿದ್ದ ಗಂಡ ತಾನೇ ಬಂದು ಬಾಗಿಲು ತೆಗೆದ, ಹೆಸರು ಹಿಡಿದು ಕರೆದ, ಕೈಯಲ್ಲಿದ್ದ ಗಂಟು ಇಸಕೊಂಡ. ಇನ್ನು ಯಾವತ್ತೂ ಆ ಮನೆಯಲ್ಲಿ ಅಗುಳಿ ಹಾಕಲಿಲ್ಲ. ಓದಿ ಮುಗಿಸುವಷ್ಟರಲ್ಲಿ ಹಾಲ್ ಪೂರ್ತಿ ಗೊಳೋ ಅಂತಿತ್ತು. ಜೋರಕ್ಕ ರಫ್ತಿಗೆ ಹೋಗಬೇಕಾದ ಕಾಲರ್ ಒಂದರಲ್ಲಿ ಮೂಗು ಒರೆಸಿಕೊಂಡಳು. ಮೇಡಂ ನೋಡಿದರೂ ಬೈಯಲಿಲ್ಲ, ಅವಳ ಕಣ್ಣೂ ಒದ್ದೆ. ಓದಕ್ಕನಿಗೆ ಅವತ್ತು ಕಾಲು ನೆಲದ ಮೇಲಿರಲಿಲ್ಲ.

ಸಂಜೆ ಮೆಟ್ಟಿಲ ಮೇಲೆ ಹೊಸಬಿ ಕಾದು ನಿಂತಿದ್ದಳು.

"ಅಕ್ಕ, ಪುಸ್ತಕದಲ್ಲಿ ಹಾಗೇ ಬರ್ದಿದಾರಾ?"

"ಮತ್ತೆ? ನಾನೇನು ಕಟ್ಟಿ ಹೇಳಿದ್ನಾ? ಹಾಗೇ ಇದೆ."

"ಬಾಗಿಲು ಅವನೇ ತೆಗೆದ್ನಾ?"

"ಅವನೇ ತೆಗೆದ. ಹೆಸರು ಹಿಡಿದು ಕರೆದ. ಕೇಳಿಸ್ಕೊಳ್ಳಲಿಲ್ವಾ ನೀನು?"

ಹೊಸಬಿ ನಕ್ಕಳು. ಹನ್ನೊಂದು ತಿಂಗಳಲ್ಲಿ ಅವಳ ಹಲ್ಲು ಕಂಡದ್ದು ಅದೇ ಮೊದಲು. "ಬರ್ತೀನಿ ಅಕ್ಕ," ಅಂದು ಬೇಗಬೇಗ ಮೆಟ್ಟಿಲಿಳಿದಳು.

ಮಾರನೇ ದಿನ ಕಿಟಕಿಯ ಜಾಗ ಖಾಲಿ. ಜ್ವರವಿರಬೇಕು ಅಂದರು. ಎರಡನೇ ದಿನವೂ ಖಾಲಿ. ನಾಲ್ಕನೇ ದಿನ ಮೇಡಂ ಒಂದು ಕಾಗದ ಹಿಡಿದು ಬಂದಳು. "ಈಕೆ ಎಲ್ಲಿಗೆ ಹೋದ್ಲು ಯಾರಿಗಾದ್ರೂ ಗೊತ್ತಾ? ಕೆಲಸಕ್ಕೆ ಸೇರುವಾಗ ಕೊಟ್ಟ ಗುರುತಿನ ಚೀಟಿ ನಕಲು ಇದು," ಅಂದು, ಮೇಲಿದ್ದ ಹೆಸರು ಓದಿದಳು. ಓದಿದವಳೇ ನಿಂತುಬಿಟ್ಟಳು. ಅವಳೂ ಮೂರು ತಿಂಗಳು ಬಾಗಿಲಲ್ಲಿ ನಿಂತು ಕೇಳಿದವಳು ತಾನೇ.

ಹಾಲ್‌ನಲ್ಲಿ ಒಂದು ಕೈಯೂ ಅಲುಗಲಿಲ್ಲ. ಮೊದಲು ಮಾತಾಡಿದ್ದು ಜೋರಕ್ಕ, ಅದೂ ಅವಳ ಗಂಟಲಲ್ಲ ಅನ್ನುವಷ್ಟು ಮೆಲ್ಲಗೆ. "ಅವತ್ತು ಯಾಕೆ ಸುಮ್ನಿದ್ಲು? 'ನನ್ನದೇ ಹೆಸರು' ಅಂತ ಒಂದು ಮಾತು ಅನ್ನಬಾರದಿತ್ತಾ?" ಓದಕ್ಕನಿಗೆ ಆಗ ಹೊಳೆಯಿತು. ತನ್ನ ಹೆಸರಿನವಳನ್ನು ಪುಸ್ತಕ ಎಲ್ಲಿಗೆ ಕರೆದೊಯ್ಯುತ್ತದೆ ಅಂತ ನೋಡಲು ಕೂತಿದ್ದಳು ಆ ಹುಡುಗಿ. ದಾರಿ ಕೇಳುವವಳ ಹಾಗೆ ಮೆಟ್ಟಿಲ ಮೇಲೆ ನಿಂತು ಕೇಳಿಯೂ ಕೇಳಿದ್ದಳು. ತಾನು ಏನು ಹೇಳಿದೆ?

ಕಾಗದವನ್ನು ಇಸಕೊಂಡು ಓದಕ್ಕ ನೇರ ಮೆಟ್ಟಿಲ ಕೆಳಗಿನ ಕೋಣೆಗೆ ಹೋದಳು. ಬೀಗ ಇತ್ತು. ಮನೆಯೊಡತಿ ಬಟ್ಟೆ ಹಿಂಡುತ್ತಿದ್ದವಳು ಎದ್ದು ಬಂದಳು. "ಹೋದ್ಲಮ್ಮ. ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೇದು ಉಟ್ಕೊಂಡು ಹೋದ್ಲು, ಗಂಡನ ಮನೆಗೆ. ಬಂದಾಗ ಆ ಎಡಗೈ ನೋಡಿದ್ದೆ ನಾನು, ಮೊಣಕೈ ತನಕ ಸುಟ್ಟಿತ್ತು. ಔಷಧಿ ಹಚ್ಚಿದ್ದೇ ನಾನು. ಹೋಗ್ಬೇಡ ಕಣೆ, ಕೊಂದುಬಿಡ್ತಾನೆ ಅಂದೆ. 'ಇಲ್ಲಮ್ಮ, ಬಾಗಿಲು ತೆಗೀತಾನೆ, ಪುಸ್ತಕದಲ್ಲೇ ಬರ್ದಿದೆ' ಅಂತಾಳೆ! ಯಾವ ಪುಸ್ತಕನೋ ಏನೋ, ಅದಕ್ಕಿಷ್ಟು ಬೆಂಕಿ ಹಾಕ."

ಆ ಮೇಲಿನ ದಿನಗಳನ್ನು ಕೇಳಬೇಡಿ. ಹೊಸ ಪುಸ್ತಕ ತೆರೆದಳು, ನಗೆಯ ಪುಸ್ತಕ. ಎರಡನೇ ಪುಟದಲ್ಲಿ ಒಬ್ಬ ಹೆಂಗಸು ನೀರಿಗೆ ಬರುತ್ತಾಳೆ, ಹೆಸರಿಲ್ಲ. ಓದಕ್ಕನ ಬಾಯಲ್ಲಿ ಆ ಹೆಸರೇ ಬಂತು. ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ಎಲ್ಲರೂ ತಲೆಯೆತ್ತಿ ನೋಡಿದಾಗಲೇ ನಾಲಿಗೆ ಕಚ್ಚಿಕೊಂಡಳು. ಮುಂದೆ ಯಾವ ಕತೆ ಹಿಡಿದರೂ ಅಷ್ಟೇ. ಬಾಗಿಲ ಹಿಂದೆ ಯಾರಾದರೂ ನಿಂತಿದ್ದಾರೆ ಅಂತ ಬರೆದಿದ್ದರೆ ಅದು ಅವಳೇ. ಬಸ್ಸಿನಲ್ಲಿ ಯಾರೋ ಯಾರನ್ನೋ ಆ ಹೆಸರಿನಿಂದ ಕೂಗಿದರೆ ಓದಕ್ಕ ಸೀಟಿನಿಂದ ಎದ್ದುಬಿಡುವಳು. ಖಾಲಿ ಜಾಗದಲ್ಲಿ ಇನ್ನೊಬ್ಬಳನ್ನು ಕೂರಿಸಿದರು. ಅವಳ ಕಡೆ ನೋಡಿದಾಗೆಲ್ಲ ಎಳೆದುಕೊಂಡ ಎಡಗೈ ತೋಳೇ ಕಾಣುವುದು. ನೋಡಿದರೆ ಪಾಪ, ಆ ಹುಡುಗಿಯ ತೋಳು ಮೊಣಕೈ ಮೇಲೇ ಇರುತ್ತಿತ್ತು.

ಒಂದು ಸಂಜೆ ಅತ್ತೆಯ ಮುಂದೆ ಎಲ್ಲ ಹೇಳಿಬಿಟ್ಟಳು. ನಾನು ಹೇಳಲಿಲ್ಲವೇ ಅಂತ ಅತ್ತೆ ಹಂಗಿಸುತ್ತಾರೆ ಅಂದುಕೊಂಡಿದ್ದಳು. ಹಂಗಿಸಿದ್ದರೆ ಚೆನ್ನಾಗಿತ್ತು. ಮುದುಕಿ "ನೀನು ಕಳಿಸಿದ್ದೀಯ. ನೀನೇ ಹೋಗಿ ಕರ್ಕೊಂಡು ಬಾ," ಅಂದರು. "ಇಲ್ಲಿ ಇರಲಿ. ನಾನು ಒಳಗಿನ ಕೋಣೇಲಿ ಮಲಗ್ತೀನಿ."

ವಾರದ ರಜೆಯ ದಿನ ಓದಕ್ಕ ಹೊರಟಳು. ಕೈಚೀಲದಲ್ಲಿ ರಟ್ಟು ಕಿತ್ತ ಪುಸ್ತಕ, ಗಂಡನ ಮನೆಯ ವಿಳಾಸವಿದ್ದ ಆ ಕಾಗದ. ಎರಡು ಬಸ್ಸು ಬದಲಿಸಬೇಕಿತ್ತು. ಇಳಿದ ಕಡೆ ಬೀದಿಯುದ್ದಕ್ಕೂ ಬೆಸುಗೆ ಹಾಕುವ ಅಂಗಡಿಗಳು, ಕಬ್ಬಿಣದ ಸಲಾಕೆಗಳು, ಸುಟ್ಟ ವಾಸನೆ. ಅದನ್ನು ದಾಟಿ ಎರಡನೇ ಓಣಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳು. ನಂಬರ್ ನೋಡುತ್ತಾ ಹೋಗಿ ಹಸಿರು ಬಣ್ಣದ ಬಾಗಿಲ ಮುಂದೆ ನಿಂತಳು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಬಾಗಿಲು ಬಡಿದಳು.

ತೆಗೆದವನು ರಾಕ್ಷಸನ ಹಾಗೇನೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕ್ರಾಪು ಬಾಚಿದ್ದ. "ಯಾರು ಬೇಕಾಗಿತ್ತಮ್ಮ?" ಅಂತ ಮರ್ಯಾದೆಯಿಂದಲೇ ಕೇಳಿದ.

ಓದಕ್ಕ ಹೆಸರು ಹೇಳಿದಳು.

ಒಳಗಿನ ಸದ್ದು ನಿಂತಿತು.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ವಲ್ಲ," ಅಂದ ಅವನು. ಅನ್ನುವಾಗ ಕಣ್ಣು ಮಿಟುಕಿಸಲಿಲ್ಲ.

"ಇದಾಳೆ. ನನಗೆ ಗೊತ್ತು. ಒಂದು ಸಲ ಕರೀರಿ. ನಾನು ಅವಳ ಅಕ್ಕ ಇದ್ದ ಹಾಗೆ."

"ಇಲ್ಲ ಅಂದ್ನಲ್ಲ. ಮನೆ ತಪ್ಪಿದೀರ," ಅಂದು ಬಾಗಿಲು ಮುಚ್ಚಿದ. ಅಗುಳಿ ಬಿದ್ದದ್ದು ಹೊರಗೆ ಕೇಳಿಸಿತು.

ಓದಕ್ಕ ಓಣಿಯಲ್ಲಿ ನಿಂತಳು. ಬಡಿದಳು, ಕೂಗಿದಳು, ತೆಗೆಯಲಿಲ್ಲ. ಪಕ್ಕದ ಮನೆಯವಳೊಬ್ಬಳು ಬಾಗಿಲು ಓರೆ ಮಾಡಿ ನೋಡಿ, "ಗಂಡ ಹೆಂಡ್ತಿ ವಿಷಯ, ಯಾಕಮ್ಮ ನಿಮಗೆ?" ಅಂದು ಮತ್ತೆ ಮುಚ್ಚಿಕೊಂಡಳು. ಗೋಡೆಯ ಎತ್ತರದಲ್ಲಿ ಒಂದು ಚಿಕ್ಕ ಕಿಟಕಿಯಿತ್ತು. ಅಡುಗೆಮನೆಯದೇ ಇರಬೇಕು, ಅದರ ಕೆಳಗಿನ ಕೊಳವೆಯಿಂದ ಸೋಪಿನ ನೀರು ಹೊರಗೆ ಸುರಿಯುತ್ತಿತ್ತು. ಓದಕ್ಕ ಅದರಡಿಗೆ ಹೋಗಿ ನಿಂತು ಚೀಲದಿಂದ ಪುಸ್ತಕ ತೆಗೆದಳು.

"ಕೇಳಿಸ್ತಾ ಇದೆಯೇನೆ?" ಅಂತ ಕೂಗಿದಳು. "ನಾನು ಕಣೆ, ಓದಕ್ಕ. ಅವತ್ತು ಸುಳ್ಳು ಓದಿದೆ ನಾನು! ಅವನು ಬಾಗಿಲು ತೆಗೆದಿದ್ದು, ಕರೆದಿದ್ದು, ಎಲ್ಲ ನಾನು ಕಟ್ಟಿದ್ದು. ಪುಸ್ತಕದಲ್ಲಿ ಹಾಗಿಲ್ಲ. ಇಲ್ಲೇ ಇದೆ ನೋಡು, ಹೇಗಿದೆಯೋ ಹಾಗೇ ಓದ್ತೀನಿ."

ಓದಿದಳು. ಮೂವತ್ತನಾಲ್ಕು ಜನರ ಹಾಲ್‌ಗೆ ಸಾಕಾಗುತ್ತಿದ್ದ ದನಿ, ಓಣಿ ಪೂರ್ತಿ ಕೇಳಿಸಿತು. ಅಗುಳಿ ಹಾಕಲು ಮರೆತ ಬೆಳಿಗ್ಗೆ. ಗಂಟು. ಬಸ್ಸು. ಎಲ್ಲಿಗೆ ಅಂದರೆ ಮುಂದಕ್ಕೆ. ಒಂದು ಅಕ್ಷರ ಸೇರಿಸಲಿಲ್ಲ, ಒಂದು ಅಕ್ಷರ ಬಿಡಲಿಲ್ಲ. ಹೆಸರೂ ಸೇರಿಸಲಿಲ್ಲ. ಯಾವ ನಿಲ್ದಾಣದಲ್ಲಿ ಇಳಿದಳೋ ಯಾರೂ ನೋಡಲಿಲ್ಲ, ಆ ಮನೆ ಅವಳನ್ನು ಮತ್ತೆ ಕಾಣಲಿಲ್ಲ ಅಂತ ಓದಿ ಮುಗಿಸಿ, "ಇಷ್ಟೇ ಇರೋದು ಕಣೆ. ಅವಳು ವಾಪಸ್ ಬರಲ್ಲ. ಹೊರಟು ಬಾ. ನಮ್ಮನೇಗೆ ಬಾ," ಅಂದಳು. ಅಳು ತಡೆಯಲಾಗಲಿಲ್ಲ.

ಓದಿದಷ್ಟು ಹೊತ್ತೂ ಒಳಗೆ ಸದ್ದಿರಲಿಲ್ಲ. ಓದಕ್ಕ ಪುಸ್ತಕ ಮುಚ್ಚಿ ಹಸಿರು ಬಾಗಿಲನ್ನೇ ನೋಡುತ್ತಾ ನಿಂತಳು. ಕೊಳವೆಯ ನೀರು ಸಣ್ಣಗಾಗಿ, ತೊಟ್ಟು ತೊಟ್ಟಾಗಿ, ಕೊನೆಗೆ ನಿಂತೇಹೋಯಿತು.

ಬಾಗಿಲು ತೆರೆಯಲಿಲ್ಲ. ಆಮೇಲೆ ಒಳಗೆ ಯಾರೋ ಮತ್ತೆ ನಲ್ಲಿ ತಿರುಗಿಸಿದರು. ಒಂದು ತಟ್ಟೆಯ ಸದ್ದಾಯಿತು, ಅದರ ಹಿಂದೆ ಇನ್ನೊಂದು.